ವಶೀಕರಣದ ಅವಧಿ

ನೆಲಮಂಗಲ ಬಸ್ ನಿಲ್ದಾಣದ ಕಂಬಗಳ ಮೇಲೆ ಅಂಟಿಸಿರುವ ವಶೀಕರಣದ ಜಾಹೀರಾತುಗಳನ್ನು ನಾನು ಶ್ರದ್ಧೆಯಿಂದ ಓದುತ್ತೇನೆ. ಯಾರನ್ನು ಬೇಕಾದರೂ ವಶ ಮಾಡಿಕೊಡುತ್ತಾರಂತೆ. ಎಷ್ಟು ಹೊತ್ತಿನ ಮಟ್ಟಿಗೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಈ ವಿಷಯದಲ್ಲಿ ನಾನು ಆಡುವ ಆನ್‌ಲೈನ್ ಆಟ ಪ್ರಾಮಾಣಿಕವಾದದ್ದು. ಅದರಲ್ಲಿ ನಾನೊಬ್ಬ ಮಂತ್ರವಾದಿ. ನಾನು ಮಂತ್ರ ಹಾಕಿದರೆ ಎಂಥ ರಾಕ್ಷಸನೂ ಒಂದು ನಿಮಿಷ ನಮ್ಮ ತಂಡದ ಕಡೆಯವನಾಗಿ ತನ್ನವರನ್ನೇ ಬಡಿಯುತ್ತಾನೆ. ಆ ನಿಮಿಷವನ್ನು ತೋರಿಸುವ, ಅವನ ತಲೆಯ ಮೇಲಿನ ನೀಲಿ ಪಟ್ಟಿ ಕರಗಿಹೋಗುವುದರೊಳಗೆ ನಾವು ಅವನನ್ನು ಮುಗಿಸಬೇಕು. ಇಲ್ಲವಾದರೆ ಅವನು ನಮ್ಮನ್ನು ಮುಗಿಸುತ್ತಾನೆ. ಹಗಲೆಲ್ಲ ಗೋದಾಮಿನ ಗೇಟಿನಲ್ಲಿ ನಿಂತು ಲಾರಿ ಡ್ರೈವರುಗಳಿಗೆ ಕೂಗಿ ಹೇಳಿದರೂ ಕೇಳಿಸಿಕೊಳ್ಳುವವರಿಲ್ಲದ ನನಗೆ ಆ ಒಂದು ನಿಮಿಷ ಸಣ್ಣದಲ್ಲ.

ಹೋದ ತಿಂಗಳು ಮಂಡಿನೋವಿಗೆ ಡಾಕ್ಟರನ್ನು ಕಾಣಲೆಂದು ನಮ್ಮತ್ತೆ ದೊಡ್ಡಬೆಳವಂಗಲದಿಂದ ಬಂದಿದ್ದರು. ಭಾನುವಾರ ಮಧ್ಯಾಹ್ನ ನಾನು ಆಡುತ್ತಿದ್ದಾಗ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಬಂದು ಕೂತರು. ಅಳಿಯನ ಪ್ರತಾಪ ನೋಡಲಿ ಎಂದು ಎಲ್ಲರಿಗಿಂತ ದೊಡ್ಡ ರಾಕ್ಷಸನ ಮೇಲೇ ಮಂತ್ರ ಹಾಕಿದೆ.

“ಇವನ್ಯಾರಪ್ಪಾ?”

“ರಾಕ್ಷಸ, ಅತ್ತೆ. ಈಗ ನಮ್ಮ ಕಡೆ ಬಂದ್ಬಿಟ್ಟಿದ್ದಾನೆ.”

ಅವನು ಗದೆ ಬೀಸಿ ದಾರಿಯನ್ನೆಲ್ಲ ತೆರವು ಮಾಡಿಕೊಟ್ಟ. “ಒಳ್ಳೆ ಕೆಲಸಗಾರ,” ಎಂದರು ಅತ್ತೆ, ಮೆಚ್ಚಿಕೆಯಿಂದ. ಅಷ್ಟರಲ್ಲಿ ಪಟ್ಟಿ ಕರಗುತ್ತಾ ಬಂದಿತ್ತು. ನಮ್ಮ ತಂಡದ ನಾಯಕ, ಹೊಸಕೋಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಸುರೇಶ, ಸ್ಪೀಕರಿನಲ್ಲಿ, “ಗುರು, ಟೈಮ್ ಆಯ್ತು, ಮುಗಿಸು ಅವನನ್ನ,” ಎಂದ.

ಅತ್ತೆಯ ಕೈ ನಿಂತಿತು. “ಇಷ್ಟೊತ್ತು ದುಡಿಸ್ಕೊಂಡು ಈಗ ಹೊಡೀತೀರಾ? ಹೆಂಗಪ್ಪಾ ಮನಸ್ಸು ಬರುತ್ತೆ ನಿಂಗೆ?”

“ಇಲ್ದಿದ್ರೆ ಅವನೇ ನಮ್ಮನ್ನ ಹೊಡೀತಾನೆ ಅತ್ತೆ.”

“ಜೊತೇಲಿ ಬಂದೋನು ಯಾಕೆ ಹೊಡೀತಾನೆ? ಬಿಟ್ಬಿಡು.”

ರಾಕ್ಷಸನ ಕೋಪ ಆಟದೊಂದಿಗೆ ಮುಗಿಯುತ್ತದೆ, ಅತ್ತೆಯದು ಮುಗಿಯುವುದಿಲ್ಲ ಎಂದು ಯೋಚಿಸಿ ಬೆರಳು ತೆಗೆದೆ. ಪಟ್ಟಿ ಮುಗಿಯಿತು. ರಾಕ್ಷಸ ಮೊದಲು ಸುರೇಶನನ್ನು, ಆಮೇಲೆ ಉಳಿದವರನ್ನು, ಕೊನೆಗೆ ನನ್ನನ್ನು ಚಪ್ಪಟೆ ಮಾಡಿದ. ಸುರೇಶ ಬಾಯಿ ತೆರೆದೊಡನೆ ಸ್ಪೀಕರ್ ಆರಿಸಿದೆ. ಅತ್ತೆ ಕೇಳುವಂಥ ಮಾತುಗಳಾಗಿರಲಿಲ್ಲ. ಸಂಜೆಯೊಳಗೆ ತಂಡದಿಂದ ನನ್ನ ಹೆಸರು ಹೋಗಿತ್ತು.

“ಅಷ್ಟು ದುಡಿದೋನಿಗೆ ಸಿಟ್ಟು ಬರದೆ ಇರುತ್ತಾ, ಪಾಪ,” ಎಂದು ಅತ್ತೆ ಕಾಳಿನ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಊರಿಗೆ ಮರಳಿದ ಮೇಲೆ ಅವರು ಮಗಳಿಗೆ ಫೋನ್ ಮಾಡಿದಾಗಲೆಲ್ಲ ನನ್ನನ್ನೂ ಕರೆಯುತ್ತಾರೆ. ಇಷ್ಟು ವರ್ಷ ಇಲ್ಲದ ಅಕ್ಕರೆ ಎಂದು ಮೊದಲು ಹಿಗ್ಗಿದ್ದೆ. “ಆ ದೊಡ್ಡೋನು ಹೆಂಗವ್ನಪ್ಪಾ?” ಎನ್ನುತ್ತಾರೆ.

ಅತ್ತೆಗೆ ಸುಳ್ಳು ಹೇಳಬಾರದೆಂದು ಆಗಾಗ ಹೋಗಿ ನೋಡಿಕೊಂಡು ಬರುತ್ತೇನೆ. ತಂಡವಿಲ್ಲದೆ ಒಬ್ಬನೇ ಬಂದ ನನ್ನನ್ನು ಕಂಡ ಕೂಡಲೇ ಅವನು ಗದೆ ಎತ್ತುತ್ತಾನೆ. ಅವನು ಚೆನ್ನಾಗಿಯೇ ಇದ್ದಾನೆ.