ಸಾಹುಕಾರ್ರ ಜೀಪಿಗೆ ಇಂಜೆಕ್ಷನ್

ಸಿಂಧನೂರಾಗ ಗ್ಯಾರೇಜ್ ಇಟ್ಟಾಗಿಂದ ನನಗ ಒಂದು ಮಾತು ಪಕ್ಕಾ ಗೊತ್ತಾಗೈತಿ. ಕೆಟ್ಟ ಗಾಡಿ ಚಲೋ ಮಾಡಬಹುದು, ಚಲೋ ಆಗೈತಿ ಅಂತ ಮಾಲಕರಿಗೆ ತಿಳಿಸಿ ಹೇಳೋದು ಮಾತ್ರ ನನ್ನಪ್ಪನಾಣೆ ಆಗಂಗಿಲ್ಲ. ದಿನಾ ಒಂದಲ್ಲ ಒಂದು ಇಂಥಾದ್ದು ನಡೀತೈತಿ. ಆದ್ರ ಮಸ್ಕಿ ಸಾಹುಕಾರ್ರ ಹಳೇ ಪೆಟ್ರೋಲ್ ಜೀಪಿಗೆ ಕಾರ್ಬೋರೇಟರ್ ತಗದು ಪೆಟ್ರೋಲ್ ಚಿಮ್ಮಸೋ ಇಂಜೆಕ್ಷನ್ ಹಾಕಿದ ಮ್ಯಾಲ, ನಾ ಮೆಕ್ಯಾನಿಕ್ಕೋ ಹುಚ್ಚನೋ ಅನ್ನೋದ ನನಗ ತಿಳೀವಲ್ದು.

೧

ಸಾಹುಕಾರ್ರದು ಮಸ್ಕಿಯಾಗ ಅರಿವಿ ಅಂಗಡಿ. ಜೀಪು ಅವರಪ್ಪನ ಕಾಲದ್ದು. ಊರು ದಾಟೂದ್ರಾಗ ನಿಂದ್ರತಿತ್ತು, ಚಾಲೂ ಆದ್ರ ಢಬ್ ಅಂತ ಪಟಾಕಿ ಹೊಡೀತಿತ್ತು. ಅವರ ಮನಿಯಾಕಿ ತವರು ಮುದಗಲ್. ಒಮ್ಮೆ ಲಿಂಗಸುಗೂರ ದಾಟಿ ಬಿಸಲಾಗ ಜೀಪು ನೂಕೂದು ಬಂತು. ರೇಷ್ಮಿ ಸೀರಿ ಉಟ್ಕೊಂಡು ನೂಕಿದ ಅಕ್ಕಾರು ಅಲ್ಲೇ ಶಪಥ ಮಾಡಿದ್ರು: "ಇನ್ನ ನಾ ಬಸ್ಸಿಗೇ ಹೋಗಾಕಿ. ಒಮ್ಮೀನೂ ನಿಂದ್ರಲಾರದ ಮುದಗಲ್ ಮುಟ್ಟಸ್ತೀನಿ ಅಂದ ದಿನ ಕರೀರಿ."

ಅವತ್ತಿಂದ ಅಕ್ಕಾರು ಬಸ್ಸಿನ್ಯಾಗ, ಸಾಹುಕಾರ್ರು ಜೀಪಿನ್ಯಾಗ. ಒಂದಿನ ಮುಖ ಸಣ್ಣದು ಮಾಡ್ಕೊಂಡು ನನ್ನ ಹತ್ರ ಬಂದ್ರು. "ಏನರ ಮಾಡೋ ಮಾರಾಯಾ. ಗಂಡನ ಗಾಡಿ ಬಿಟ್ಟು ಹೇಂತಿ ಬಸ್ಸಿಗೆ ಹೊಂಟ್ರ ಮಂದಿ ಏನಂತಾರ?" ಅಂದ್ರು. ಪಾಪ, ಖರೇನ ಕಣ್ಣಾಗ ನೀರಿದ್ವು.

ಹೈದರಾಬಾದಿಂದ ಇಂಜೆಕ್ಷನ್ ಸಾಮಾನು ತರಿಸಿದ್ವಿ. ಅದರಾಗ ಒಂದು ಕಂಪ್ಯೂಟರ್ ಡಬ್ಬಿ. ಗಾಳಿ ಎಷ್ಟು, ಬಿಸಿ ಎಷ್ಟು ನೋಡಿ, ಪೆಟ್ರೋಲ್ ಎಷ್ಟು ಚಿಮ್ಮಸಬೇಕು ಅಂತ ಅದ ಲೆಕ್ಕಾ ಹಾಕ್ತೈತಿ. ಸಾಮಾನು ಮಾರಿದಾತ ಫೋನಿನ್ಯಾಗ, "ಸ್ವಲ್ಪ ದಿನ ಓಡಿಸ್ರಿ, ಓಡಿಸಿದಂಗ ಅದು ತಾನ ಕಲೀತೈತಿ" ಅಂದ. ನಾ ಅದನ್ನ ಸಾಹುಕಾರ್ರಿಗೆ ಹೇಳಿದೆ.

ಸಾಹುಕಾರ್ರು ಗಾಬರ್ಯಾದ್ರು. "ಹಂಗಾದ್ರ ನಮ್ಮ ಡ್ರೈವರ್ ಕೈಯಾಗ ಚಾವಿ ಕೊಡಬ್ಯಾಡ ತಮ್ಮಾ. ಅವನ ಬಾಯಿ ಭಾಳ ಹೊಲಸು. ಕಲ್ತು ಗಿಲ್ತು ಬಿಟ್ಟೀತು!"

೨

ಸಾಮಾನು ಜೋಡಸೋ ದಿನ ಸಾಹುಕಾರ್ರನ್ನ ಗ್ಯಾರೇಜಿನ್ಯಾಗ ಕೂಡಿಸಿ ನಾ ಚಾ ಕುಡ್ಯಾಕ ಹೋದೆ. ತಿರುಗಿ ಬಂದು ಎಲ್ಲಾ ಬಿಗಿದು ಚಾವಿ ತಿರುವಿದ್ರ, ಎಂಜಿನ್ ಕೆಮ್ಮತೈತಿ, ನಿಂದ್ರತೈತಿ. ಕಾರ್ಬೋರೇಟರ್ ಆಗಿದ್ರ ಜೆಟ್ ಬಿಚ್ಚಿ ಬಾಯಿಲೆ ಉಫ್ ಅಂತ ಊದಿ ಹಾಕ್ತಿದ್ದೆ. ಇದರಾಗ ಊದಾಕ ತೂತ ಎಲ್ಲೈತಿ? ಲ್ಯಾಪ್‌ಟಾಪ್ ಹಚ್ಚಿದ್ರ, ಗಾಳಿ ಅಳತಿ ಮಾಡೋ ಸೆನ್ಸಾರ್ ಕೆಟ್ಟೈತಿ ಅಂತೈತಿ. ಎಲಾ ಇವನ, ಈಗ ಡಬ್ಬಿಯಿಂದ ತಗದಿದ್ದು ಹೆಂಗ ಕೆಟ್ಟೀತು? ಇದ್ದ ವೈರೆಲ್ಲಾ ಕಿತ್ತಿ ಮತ್ತ ಜೋಡಿಸಿದೆ. ತಲಿ ಗಿರ್ ಅಂದ್ರೂ ಎಂಜಿನ್ ಮಾತ್ರ ಗುರ್ ಅನ್ಲಿಲ್ಲ.

ಕಡೀಕ ಸೆನ್ಸಾರ್ ಬಿಚ್ಚಿದ್ರ ಒಳಗ ಬೆಳ್ಳಗ ವಿಭೂತಿ!

"ಸಾಹುಕಾರ್ರ, ಇದೇನ್ರಿ?"

"ಹೊಸಾ ಸಾಮಾನಲ್ಲೇನೋ, ಪೂಜಿ ಇಲ್ಲದ ಹೆಂಗ ಕೂಡಸ್ತಿ? ನೀ ಚಾಕ್ಕ ಹೋದಾಗ ಎಲ್ಲಾಕ್ಕೂ ಹಚ್ಚೀನಿ. ಇದರಾಗ ಬೆರಳು ಹೋತು, ಒಳಗೂ ಹಚ್ಚೀನಿ."

"ಯಪ್ಪಾ, ಹೊರಗ ಹಚ್ಚಿದ್ರ ಸಾಕಾಗ್ತಿದ್ದಿಲ್ಲೇನ್ರಿ?"

ನನ್ನ ಮುಖಾ ನೋಡಿ ಗಂಭೀರಾಗಿ ಅಂದ್ರು: "ಭಕ್ತಿ ಹೊರಗ ತೋರಸಾಕಲ್ಲೋ ತಮ್ಮಾ, ಒಳಗ ಇರಬೇಕು."

೩

ಸೆನ್ಸಾರ್ ಒರಸಿ ಹಾಕಿದ ಮ್ಯಾಲ ಜೀಪು ಮದಲಿಂಗನಂಗ ಹೊಂಟ್ತು. ಆದ್ರ ಸಾಹುಕಾರ್ರದು ಇನ್ನೊಂದು ತಕರಾರು. ಹಳೇ ಗಾಡಿಗೆ ಮುಂಜಾನೆ ತಂಪಿನ್ಯಾಗ ಚೋಕಿನ ಗುಬಟಿ ಎಳದು ಚಾಲೂ ಮಾಡೋದು. ಇಂಜೆಕ್ಷನ್‌ಗೆ ಅದು ಬೇಕಾಗಂಗಿಲ್ಲ. "ನಮ್ಮಪ್ಪ ಎಳೀತಿದ್ದ ಗುಬಟಿ, ಅದನ್ನ ತಗೀಬ್ಯಾಡ" ಅಂತ ಹಟ ಹಿಡಿದ್ರು. ಹೋಗ್ಲಿ ಅಂತ ಗುಬಟಿ ಬಿಟ್ಟು ಹಿಂದಿನ ತಂತಿ ಕತ್ತರಿಸಿದೆ. ಅದು ಯಾತಕ್ಕೂ ಹತ್ತಿಲ್ಲ ಅಂತ ಬಾಯಿ ಹರಕೊಂಡು ಹೇಳಿದೆ. ಹೂಂ ಹೂಂ ಅಂದ್ರು.

ದಿನಾ ಮುಂಜಾನೆ ಫೋನು: "ಏನ್ ಚೋಕ್ ಕೂಡ್ಸಿಯೋ! ಎಳದ್ರ ಸಾಕು, ಒಂದ ಸಲಕ್ಕ ಚಾಲೂ!"

ಒಂದಿನ ಮಾತ್ರ ಅವರ ದನಿ ನಡಗಾಕತ್ತಿತ್ತು. "ತಮ್ಮಾ, ಜಲ್ದಿ ಬಾ. ಗಾಡಿ ಕೆಟ್ಟೈತಿ."

"ಏನಾಗೈತ್ರಿ?"

"ಇವತ್ತ ಮರತು ಚೋಕ್ ಎಳೀಲಿಲ್ಲ. ಆದ್ರೂ ಚಾಲೂ ಆಗೈತಿ!"

೪

ಕಡೀಕ ಆ ದಿನ ಬಂತು. ಅಕ್ಕಾರು ರೇಷ್ಮಿ ಸೀರಿ ಉಟ್ಟು ಮುಂದ ಕುಂತ್ರು. ಏನರ ಆದ್ರ ಇರ್ಲಿ ಅಂತ ನನ್ನ ಹಿಂದ ಹಾಕ್ಕೊಂಡ್ರು.

ಜೀಪು ಮೊದಲೆಲ್ಲಾ ಕೈ ಕೊಡ್ತಿದ್ದ ಬೇವಿನಗಿಡ ಬಂತು, ಹೋತು. ಲಿಂಗಸುಗೂರ ಬಂತು. "ಮಿರ್ಚಿ ಬಿಸಿ ಅದಾವ, ನಿಂದ್ರಸ್ರಿ" ಅಂದ್ರು ಅಕ್ಕಾರು. "ನಿಂದ್ರಸಿದ್ರ ನಿಂತಂಗ ಆಗ್ತೈತಿ, ಶಪಥ ಮುರೀತೈತಿ" ಅಂತ ಸಾಹುಕಾರ್ರು ನಿಂದ್ರಸಲೇ ಇಲ್ಲ. ಮುದಗಲ್ ಕೋಟಿ ಕಂಡಾಗ ಅವರು ಮೀಸಿ ಮ್ಯಾಲ ಕೈ ಹಾಕಿದ್ರು. ನನಗೂ ಹುರುಪು ಬಂತು.

ತವರಮನಿ ಮುಂದ ಜೀಪು ಸದ್ದಿಲ್ಲದ ನಿಂತ್ತು. ಬಾಗಲಾ ಹಾಕಿತ್ತು. ಕಾಲಿಗೆ ನೀರು ತರಾವ್ರಿಲ್ಲ, ಬಾ ಅನ್ನಾವ್ರಿಲ್ಲ. ಅಕ್ಕಾರು ಸೆರಗು ಸರಿ ಮಾಡ್ಕೊಂಡು ಕುಂತ್ರು, ಕುಂತ ಇದ್ರು. ಕಡೀಕ ನಾ ಇಳದು ಬಾಗಲಾ ಬಡದೆ. ಅವರ ತಮ್ಮ ಬನಿಯನ್ ಮ್ಯಾಲ ಆಕಳಸ್ಕೋತ ಬಂದು, "ಅಯ್ಯ, ಅಕ್ಕಾ! ಯಾವ ಬಸ್ಸಿಗೆ ಬಂದಿ?" ಅಂದ.

ಸಾಹುಕಾರ್ರ ಮೀಸಿ ಮ್ಯಾಲಿನ ಕೈ ಕೆಳಗಿಳೀತು.

"ಜೀಪಿನ್ಯಾಗ ಬಂದೀನಿ!" ಅಂತ ಅಕ್ಕಾರು ಅತ್ತೇ ಬಿಟ್ರು. "ಒಬ್ಬರರ ನೋಡಾಕ ಹೊರಗ ಬರ್ಲಿಲ್ಲಲ್ಲೋ!"

"ನಮಗೇನ್ ಗೊತ್ತಕ್ಕಾ? ಮೊದಲೆಲ್ಲಾ ಜೀಪು ಕೋಟಿ ಹತ್ರ ಢಬ್ ಅಂತಿತ್ತು. ಅದು ಕೇಳಿದ ಮ್ಯಾಲ ತಂಬಗಿ ತುಂಬಿ, ಚಾಕ್ಕ ಇಡ್ತಿದ್ವಿ. ಇವತ್ತ ಢಬ್ ಅನ್ಲೇ ಇಲ್ಲ."

ಅಕ್ಕಾರು ಕಣ್ಣು ಒರಸ್ಕೊಂಡು ನನ್ನ ಕಡೆ ತಿರುಗಿದ್ರು. "ನೋಡಪ್ಪಾ, ಓಡೋದು ಹಿಂಗ ಇರ್ಲಿ. ಆ ಢಬ್ ಅನ್ನೋದಷ್ಟು ತಿರುಗಿ ಹಾಕಿ ಕೊಡು."

ನಾ ಲ್ಯಾಪ್‌ಟಾಪ್ ತಗದು ಜೀಪಿಗೆ ಹಚ್ಚಿ ನೋಡಿದೆ. ಗಾಳಿ ಐತಿ, ಬಿಸಿ ಐತಿ, ಪೆಟ್ರೋಲ್ ಐತಿ, ಢಬ್ ಎಲ್ಲೂ ಇಲ್ಲ. ಸಾಹುಕಾರ್ರು ನನ್ನ ಕಿವಿ ಹತ್ರ ಬಗ್ಗಿ ಸಣ್ಣ ದನಿಲೆ ಕೇಳಿದ್ರು:

"ತಮ್ಮಾ, ಅದು ತಾನ ಕಲೀತೈತಿ ಅಂದಿದ್ದಿಯಲ್ಲಾ... ಹಂಗಾದ್ರ ನಮ್ಮ ಆ ಹೊಲಸ ಬಾಯಿ ಡ್ರೈವರ್ ಕೈಯಾಗ ಚಾವಿ ಕೊಡ್ಲೇನೋ?"