ನಗಬೇಕಾದಲ್ಲಿ ಬಿಗಿದುಕೊಳ್ಳುವ ನನ್ನ ದವಡೆಯವರಿಗೆ

ಮಾನ್ಯ ದವಡೆಯವರೇ, ತಮ್ಮ ಸಹೋದ್ಯೋಗಿಗಳಾದ ಕತ್ತಿನವರೇ, ಹೆಗಲಿನವರೇ,

ನನಗೆ ಮದುವೆಯಾಯಿತು! ಮೊದಲು ಕುಶಲ ವಿಚಾರಿಸಿ, ನಮಸ್ಕಾರ ಹೇಳಿ, ಆಮೇಲೆ ಸುದ್ದಿಗೆ ಬರಬೇಕು ಎಂಬುದು ನನಗೂ ಗೊತ್ತು. ಆದರೆ ಈ ಮಾತನ್ನು ಬಾಯಲ್ಲಿಟ್ಟುಕೊಂಡು ಉಳಿದದ್ದನ್ನೆಲ್ಲ ಬರೆಯುತ್ತ ಕೂತರೆ ಹಲ್ಲು ಕಚ್ಚಿ ತಡೆಯಬೇಕಾಗುತ್ತದೆ, ಹಲ್ಲು ಕಚ್ಚಿದರೆ ತಮಗೆ ಮತ್ತೆ ಕೆಲಸ ಕೊಟ್ಟಂತಾಗುತ್ತದೆ. ಈಗ ನಮಸ್ಕಾರಗಳು. ತಾವೆಲ್ಲ ಗಟ್ಟಿಮುಟ್ಟಾಗಿದ್ದೀರಿ ಎಂಬುದನ್ನು ಕಿವಿಯ ಮುಂದೆ ಬೆರಳಿಟ್ಟಾಗಲೆಲ್ಲ ತಿಳಿದುಕೊಳ್ಳುತ್ತಿದ್ದೇನೆ.

ನಾನು ಬಟ್ಟೆ ಒಗೆಯುವ ಮಿಷಿನ್ನುಗಳ ಕಂಪನಿಯೊಂದರಲ್ಲಿ ದೂರು ಕೇಳುವ ಹುಡುಗಿ. ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಬೈಗುಳ, ನಡುನಡುವೆ ಪತ್ರದಲ್ಲಿ ಬೈಗುಳ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ‘ತಮ್ಮ ಘನ ಗಮನಕ್ಕೆ ತರಬಯಸುವುದೇನೆಂದರೆ’ ಎಂಬಂಥ ಗಂಭೀರ ಕನ್ನಡವನ್ನು ನನಗೆ ಕಲಿಸಿದವರು ನಮ್ಮ ಕೋಪಿಷ್ಠ ಗ್ರಾಹಕರೇ. ಇಷ್ಟು ವರ್ಷ ದೂರು ಕೇಳಿದವಳು ಒಂದೇ ಒಂದು ದೂರು ಕೊಟ್ಟರೆ ತಪ್ಪಾಗಲಾರದು ಎಂಬ ಧೈರ್ಯದಿಂದ, ಆ ಕನ್ನಡವನ್ನೇ ಸಾಲ ಪಡೆದು, ತಮ್ಮ ಘನ ಗಮನಕ್ಕೆ ಕೆಲವು ಸಂಗತಿಗಳನ್ನು ತರಬಯಸುತ್ತೇನೆ.

ತಾವು ಸೇವೆಗೆ ಸೇರಿದ್ದು ನನ್ನ ಮೇಜಿನ ಮೇಲೆ ಕನ್ನಡಿ ಬಂದ ದಿನ. ನಮ್ಮಲ್ಲಿ ಪ್ರತಿಯೊಬ್ಬರ ಮುಂದೆಯೂ ಅಂಗೈಯಗಲದ ಒಂದು ಕನ್ನಡಿ ಇರುತ್ತದೆ. ಫೋನ್ ಎತ್ತುವ ಮೊದಲು ಅದರಲ್ಲಿ ನೋಡಿಕೊಂಡು ನಗಬೇಕು. ಮುಖ ನಕ್ಕರೆ ದನಿಯೂ ನಗುತ್ತದೆ ಎಂಬುದು ಕಂಪನಿಯ ನಂಬಿಕೆ. ಒಳ್ಳೆಯದೇ. ಆದರೆ ಆ ಕಡೆಯಿಂದ ಒಬ್ಬರು ‘ನಿಮ್ಮ ಮಿಷಿನ್ನು ನನ್ನ ಹೊಸ ಅಂಗಿಯನ್ನ ಕರ್ಚೀಫ್ ಮಾಡಿದೆ ಕಣ್ರೀ’ ಎಂದು ಕಿರುಚುವಾಗ, ಈ ಕಡೆ ನಗುವನ್ನು ಬೀಳದಂತೆ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ. ತಾವು ಮುಂದೆ ಬಂದಿರಿ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೀಲಿ ಹಾಕಿದಂತೆ ಕೂತಿತು, ಅದರ ಮೇಲೆ ತುಟಿ ನಕ್ಕಿತು. ಬೀಗ ಜಡಿದ ಗೋದಾಮಿನ ಬಾಗಿಲಿಗೆ ‘ಸುಸ್ವಾಗತ’ ಎಂದು ಬರೆದಂತೆ. ಕತ್ತಿನವರೂ ಹೆಗಲಿನವರೂ ತಮ್ಮ ಬೆಂಬಲಕ್ಕೆ ಬಂದು, ಹೆಗಲು ಕಿವಿಯ ಕಡೆಗೆ ಪ್ರಯಾಣ ಬೆಳೆಸಿತು.

ತಮ್ಮ ಕಾರ್ಯನಿಷ್ಠೆಯನ್ನು ಹೇಗೆ ಹೊಗಳಲಿ! ಉಳಿದವರು ಆಫೀಸು ಮುಗಿದರೆ ಮನೆಗೆ ಹೋಗುತ್ತಾರೆ. ತಾವು ನನ್ನ ಜೊತೆಯಲ್ಲೇ ಬಸ್ಸು ಹತ್ತುತ್ತೀರಿ. ರಜೆಯಿಲ್ಲ, ಬಡ್ತಿಯ ಆಸೆಯಿಲ್ಲ. ನಾನು ನಿದ್ದೆಹೋದ ಮೇಲೂ ಕಡಲೆ ಸಿಕ್ಕವರಂತೆ ಹಲ್ಲು ಮಸೆಯುತ್ತಿದ್ದು, ಬೆಳಗ್ಗೆ ನನ್ನನ್ನು ತಲೆನೋವಿನೊಡನೆ ಎಬ್ಬಿಸಿ ಹಾಜರಿ ಒಪ್ಪಿಸುತ್ತೀರಿ. ತಮ್ಮಂಥವರು ನಾಲ್ಕು ಜನ ನಮ್ಮ ರಿಪೇರಿ ವಿಭಾಗದಲ್ಲಿದ್ದಿದ್ದರೆ ನನಗೆ ಫೋನುಗಳೇ ಬರುತ್ತಿರಲಿಲ್ಲ.

ಆದರೆ ಫೋನು ಬಂದದ್ದರಿಂದಲೇ ಅಲ್ಲವೇ ಅವರು ಸಿಕ್ಕಿದ್ದು! ಅವರು ಎಂದರೆ ಅವರೇ, ನಮ್ಮವರು. (ಈ ‘ನಮ್ಮವರು’ ಎಂದು ಬರೆಯುವಾಗ ಪೆನ್ನಿಗೂ ಏನೋ ಆಗುತ್ತದೆ.) ಅವರದು ಬೇರೆ ಊರು, ಕಾರು ಓಡಿಸುವುದನ್ನು ಕಲಿಸುವ ಕೆಲಸ. ಮೊದಲ ಸಲ ಫೋನ್ ಮಾಡಿದಾಗ ಬೈಯಲಿಲ್ಲ, ‘ಮೇಡಂ, ಮಿಷಿನ್ನು ಅಡುಗೆಮನೆ ಕಡೆ ಹೊರಟುಬಿಟ್ಟಿದೆ, ನಾನೂ ಅಮ್ಮನೂ ಹಿಡ್ಕೊಂಡು ನಿಂತಿದೀವಿ’ ಎಂದರು. ಹಿಂದಿನಿಂದ ಅವರಮ್ಮ ‘ಕೈ ನೋಯ್ತಿದೆ ಅಂತಾನೂ ಹೇಳೋ’ ಎನ್ನುತ್ತಿದ್ದರು. ಕಂಪನಿಯ ರಿಪೇರಿಯವರನ್ನು ಕಳಿಸಿ ಮಿಷಿನ್ನಿನ ಕಾಲು ಸರಿಮಾಡಿಸಿದೆ. ಮರುವಾರ ಮತ್ತೆ ಫೋನ್: ‘ಮೇಡಂ, ಈಗ ಅದು ಸದ್ದೇ ಮಾಡ್ತಿಲ್ಲ, ಏನಾದ್ರೂ ತೊಂದ್ರೆನಾ?’ ಆಮೇಲೆ ಸೋಪಿನ ಪುಡಿಯ ಬಗ್ಗೆ, ಆಮೇಲೆ ಕಾಲುಚೀಲ ಯಾಕೆ ಯಾವಾಗಲೂ ಒಂದೇ ಕಳೆದುಹೋಗುತ್ತದೆ ಎಂಬುದರ ಬಗ್ಗೆ. ಅವರ ನಂಬರು ಕಂಡರೆ ನಾನು ಕನ್ನಡಿಯನ್ನು ಮಗುಚಿಡುತ್ತಿದ್ದೆ. ನಗಲು ಅದರ ಅಗತ್ಯವಿರಲಿಲ್ಲ. ದಯವಿಟ್ಟು ನೆನಪಿಸಿಕೊಳ್ಳಿ, ಆ ಹೊತ್ತಿನಲ್ಲಿ ತಾವೂ ಇರುತ್ತಿರಲಿಲ್ಲ.

ಹೀಗಿರುವಾಗ ಮದುವೆಯ ದಿನ ತಾವು ತೋರಿದ ಅತ್ಯುತ್ಸಾಹ ನನ್ನನ್ನು ಮೂಕಳನ್ನಾಗಿಸಿತು. ಬಾಯಿ ತೆರೆಯಲು ತಾವು ಬಿಡದಿದ್ದುದು ಅದಕ್ಕೆ ಅರ್ಧ ಕಾರಣ. ನೋಂದಣಿ ಕಚೇರಿಯಲ್ಲಿ ಸಹಿ ಹಾಕುವವರೆಗೂ ನಾನು ಗಾಳಿಪಟದಂತಿದ್ದೆ. ಹೊರಗಿನ ಮೆಟ್ಟಿಲ ಮೇಲೆ ಫೋಟೋಗ್ರಾಫರ್ ‘ಮೇಡಂ, ಸ್ವಲ್ಪ ಸ್ಮೈಲ್’ ಎಂದದ್ದೇ ತಡ, ಇಷ್ಟು ವರ್ಷದ ಅಭ್ಯಾಸ, ಯಾರೋ ಫೋನು ಮಾಡಿದ್ದಾರೆಂದೇ ತಿಳಿದು ತಾವು ಪಟ್ಟನೆ ಹಾಜರಾದಿರಿ. ಒಂದೊಂದು ಚಿತ್ರದಲ್ಲೂ ಬಾಯಿ ನಗುತ್ತಿದೆ, ಕೆನ್ನೆಯ ಮೂಲೆಯಲ್ಲಿ ತಾವು ಅಡಿಕೆ ಗಾತ್ರದಲ್ಲಿ ಎದ್ದು ನಿಂತಿದ್ದೀರಿ, ಕತ್ತಿನ ನರಗಳು ಹಗ್ಗದಂತೆ ಸೆಟೆದಿವೆ. ಜೀವಮಾನದಲ್ಲೇ ಅತಿ ಸಂತೋಷದ ದಿನ ನಾನು ಯಾರದೋ ಮೇಲೆ ಹಲ್ಲು ಕಡಿಯುತ್ತಿದ್ದೇನೆ.

ಮದುವೆಯ ನಂತರ, ಕೆಲಸ ಬಿಡುತ್ತೇನೆಂದು ಕೊಟ್ಟ ನೋಟಿಸಿನ ಅವಧಿ ಮುಗಿಸಲು ನಾನು ಇಲ್ಲಿಗೆ ವಾಪಸು ಬಂದೆ, ಫೋಟೋಗಳು ಅಲ್ಲಿಗೆ ಹೋದವು. ಅತ್ತೆಯವರು ನೇರ ಮಾತಿನವರು. ‘ಹುಡುಗಿ ಒಳ್ಳೇವಳೇ ಕಣೋ, ಆದ್ರೆ ಇದ್ರಲ್ಲಿ ಸೇಡು ತೀರಿಸ್ಕೊಳ್ಳೋಕೆ ಬಂದ ಹಾಗೆ ನಿಂತಿದಾಳಲ್ಲೋ’ ಎಂದರಂತೆ. ಅಂದಿನಿಂದ ನಮ್ಮವರ ದನಿಯಲ್ಲಿ ಒಂದು ಮರ್ಯಾದೆ ಸೇರಿಕೊಂಡಿತು. ವಿಡಿಯೋ ಕರೆಯಲ್ಲಿ ನನ್ನ ಮುಖವನ್ನೇ ನೋಡುತ್ತ ಒಂದು ದಿನ ಮೆಲ್ಲಗೆ ಹೇಳಿದರು: ‘ನಿಂಗೆ ಬರಬೇಕು ಅನ್ನಿಸಿದಾಗ ಬಾ. ಆತುರ ಏನಿಲ್ಲ. ಬೇಕಾದ್ರೆ ರೈಲು ಟಿಕೆಟ್ ಕ್ಯಾನ್ಸಲ್ ಮಾಡು. ಬಲವಂತ ಇಲ್ಲ.’

ಬಲವಂತ! ಸೂಟ್‌ಕೇಸ್ ಆಗಲೇ ತುಂಬಿಸಿಟ್ಟು, ದಿನವೂ ತೆರೆದು ಮತ್ತೆ ಮಡಚಿಡುತ್ತಿರುವ ನನಗೆ! ‘ಇಲ್ಲ ರೀ, ನಾನು ಓಡಿ ಬರ್ತೀನಿ’ ಎನ್ನಬೇಕೆಂದು ಬಾಯಿ ತೆರೆದೆ. ಗಾಬರಿಯಾದರೆ ತಾವು ಹಾಜರಾಗದೆ ಇರುತ್ತೀರಾ? ಹಲ್ಲಿನ ಸಂದಿಯಿಂದ ಹೊರಬಿದ್ದದ್ದು ‘ಬರ್ತೀನಿ ಅಂದೆನಲ್ಲ’ ಎಂಬ ಮಾತು, ಅದೂ ಸಾಕ್ಷಿಗಳನ್ನು ಬೆದರಿಸುವವರ ರೀತಿಯಲ್ಲಿ. ಅವರು ‘ಸರಿ ಮೇಡಂ’ ಎಂದು ಫೋನಿಟ್ಟರು. ಮೇಡಂ ಎಂದರು, ದವಡೆಯವರೇ. ಹೆಂಡತಿಯನ್ನು ಮತ್ತೆ ಗ್ರಾಹಕ ಸೇವೆಗೆ ಇಳಿಸಿದ ಕೀರ್ತಿ ತಮ್ಮದು.

ಆಗಲೇ ನಾನು ಫಿಸಿಯೋಥೆರಪಿ ಡಾಕ್ಟರಮ್ಮನ ಬಳಿ ಓಡಿದ್ದು. ಅವರು ಕಿವಿಯ ಮುಂದೆ ಒತ್ತಿ ನೋಡಿ ‘ಏನಮ್ಮ, ಇಲ್ಲಿ ಗೋಲಿ ಬಚ್ಚಿಟ್ಕೊಂಡಿದೀಯಾ?’ ಎಂದರು. ಹಲ್ಲಿಗೆ ಹಲ್ಲು ತಾಗುವ ಹಕ್ಕು ತಿನ್ನುವಾಗ, ನುಂಗುವಾಗ ಮಾತ್ರವಂತೆ. ಉಳಿದ ಹೊತ್ತು ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಚೂರು ಜಾಗವಿರಬೇಕು, ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಸುಮ್ಮನೆ ಒರಗಿರಬೇಕು. ಇಷ್ಟು ವರ್ಷ ನನ್ನ ನಾಲಗೆ ಎಲ್ಲಿ ವಾಸವಾಗಿತ್ತೆಂದು ನಾನು ವಿಚಾರಿಸಿಯೇ ಇರಲಿಲ್ಲ. ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಕೆನ್ನೆಗಿಡುವುದು, ತಮ್ಮನ್ನು ಬೆರಳ ತುದಿಯಿಂದ ವೃತ್ತಾಕಾರವಾಗಿ ನೀವುವುದು, ಹೆಗಲನ್ನು ಬೇಕೆಂದೇ ಕಿವಿಯವರೆಗೆ ಎತ್ತಿ, ಉಸಿರು ಬಿಡುತ್ತ ಧೊಪ್ಪನೆ ಇಳಿಬಿಡುವುದು. ಎಲ್ಲ ಮಾಡುತ್ತಿದ್ದೇನೆ. ಈಗ ಫೋನು ಎರಡು ಸಲ ರಿಂಗಾದ ಮೇಲೇ ಎತ್ತುವುದು. ಮೊದಲ ರಿಂಗು ಹೆಗಲಿಗೆ, ಎರಡನೆಯದು ತಮಗೆ. ಪಕ್ಕದ ಮೇಜಿನವಳು ‘ಏನೇ, ಎತ್ತೋ ಮೊದಲು ಯಾಕೆ ನಿಟ್ಟುಸಿರು? ಮಿಷಿನ್ ಕೆಟ್ಟಿರೋದು ಅವರದ್ದು’ ಎನ್ನುತ್ತಾಳೆ. ಆದರೂ ತಾವು ಸಂಜೆ ಹೊತ್ತಿಗೆ ಸ್ವಲ್ಪ ಮೃದುವಾಗುತ್ತೀರಿ. ಧನ್ಯವಾದಗಳು.

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ತಾವು ದಯಮಾಡಿ ಸ್ವಯಂ ನಿವೃತ್ತಿ ತೆಗೆದುಕೊಳ್ಳಿ. ಬೀಳ್ಕೊಡುಗೆಯ ಭಾಷಣ ನಾನೇ ಮಾಡುತ್ತೇನೆ, ಬಾಯಿ ತುಂಬ. ಅದಾಗದಿದ್ದರೆ ಕಾಲಿನ ಕಿರುಬೆರಳಿಗೆ ವರ್ಗಾವಣೆ ಕೇಳಿ. ಅಲ್ಲಿ ಇಷ್ಟ ಬಂದಷ್ಟು ಬಿಗಿದುಕೊಳ್ಳಬಹುದು, ಯಾವ ಅತ್ತೆಯೂ ಸೊಸೆಯ ಕಿರುಬೆರಳನ್ನು ನೋಡಿ ಸ್ವಭಾವ ಅಳೆಯುವುದಿಲ್ಲ. ಅದೂ ಆಗದಿದ್ದರೆ, ಬಿಗಿಯುವ ಮೊದಲು ಬಂದಿರುವುದು ದುಃಖವೋ ಸಂತೋಷವೋ ಎಂದು ಒಮ್ಮೆ ಕೇಳುವ ಸೌಜನ್ಯ ತೋರಿ.

ಇಲ್ಲಿಗೆ ಪತ್ರ ಮುಗಿಸಬೇಕೆಂದಿದ್ದೆ. ಆದರೆ ನಿನ್ನೆ, ತಾವು ಎಲ್ಲಿ ಉಬ್ಬುತ್ತೀರೆಂದು ತೋರಿಸಲು, ಮೆಟ್ಟಿಲ ಮೇಲಿನ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಡಾಕ್ಟರಮ್ಮನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿ, ‘ನಿನ್ನದಿರ್ಲಿ, ಈ ಪಕ್ಕದಲ್ಲಿರೋರು ಯಾರು? ಅವರನ್ನ ಮೊದಲು ಕರ್ಕೊಂಡು ಬಾ’ ಎಂದರು. ನೋಡಿದೆ. ನಮ್ಮವರ ಕೆನ್ನೆಯ ಮೂಲೆಯಲ್ಲಿ ಅಡಿಕೆಯಲ್ಲ, ನಿಂಬೆಹಣ್ಣು! ಅಲ್ಲಿಯೂ ತಮ್ಮ ಶಾಖೆಯಿದೆ ಎಂದು ಒಂದು ಮಾತು ಹೇಳಬಾರದಿತ್ತೇ? ಕಲಿಯುವವರು ಕಾರನ್ನು ನೇರ ಲೈಟು ಕಂಬದತ್ತ ಓಡಿಸುತ್ತಿದ್ದರೂ ಮುಖದಲ್ಲಿ ಭಯ ತೋರಿಸಬಾರದು, ತೋರಿಸಿದರೆ ಅವರು ಸ್ಟಿಯರಿಂಗೇ ಬಿಟ್ಟುಬಿಡುತ್ತಾರೆ ಎಂದು ಅವರೇ ಒಮ್ಮೆ ಹೇಳಿದ್ದರು. ಆ ಶಾಂತ ಮುಖವನ್ನು ನಾನು ಶಾಂತಿ ಎಂದೇ ನಂಬಿದ್ದೆ. ನನ್ನ ಮುಖವನ್ನು ಅವರು ಕೋಪ ಎಂದು ನಂಬಿದ್ದರು. ಇಬ್ಬರನ್ನೂ ತಾವೇ ಏಮಾರಿಸಿದ್ದು.

ಆಸ್ಪತ್ರೆಯ ಮೆಟ್ಟಿಲಿಂದಲೇ ಫೋನ್ ಮಾಡಿದೆ. ‘ರೀ, ಈಗ ನಿಮ್ಮ ಹಲ್ಲುಗಳು ಒಂದಕ್ಕೊಂದು ತಾಗಿವೆಯಾ?’ ಎಂದು ಕೇಳಿದೆ. ‘ಹೌದು ಮೇಡಂ’ ಎಂದರು. ‘ಸಡಿಲ ಬಿಡಿ’ ಎಂದೆ. ಆ ಕಡೆಯಿಂದ ಒಂದು ಉದ್ದನೆಯ ಉಸಿರು ಕೇಳಿಸಿತು. ಆಮೇಲೆ, ‘ಅಯ್ಯಯ್ಯೋ, ಇಷ್ಟು ನೋಯ್ತಿತ್ತೇನೇ ಇದು!’ ನಾನು ನಕ್ಕೆ, ಕನ್ನಡಿಯಿಲ್ಲದೆ, ಮೆಟ್ಟಿಲ ಮೇಲೆ ಕೂತು, ದಾರಿಹೋಕರು ತಿರುಗಿ ನೋಡುವಷ್ಟು. ಅವರೂ ನಕ್ಕರು. ನಗು ನಿಂತ ಮೇಲೆ ಸಣ್ಣ ದನಿಯಲ್ಲಿ, ‘ನೀನು ಬರಲ್ಲ ಅಂದ್ಕೊಂಡಿದ್ದೆ ಕಣೇ. ಕಂಬ ಎದುರಿಗೆ ಬಂದಾಗಲೂ ಇಷ್ಟು ಹೆದರಿರ್ಲಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿಬಿಟ್ಯಾ?’ ಎಂದರು. ಇಲ್ಲ ಎಂದೆ. ತಾವು ಅಡ್ಡ ಬರಲಿಲ್ಲ. ಎರಡಕ್ಷರ ಸಲೀಸಾಗಿ ಹೊರಬಂದವು.

ಆದ್ದರಿಂದ ಹಳೆಯದನ್ನೆಲ್ಲ ಮರೆತಿದ್ದೇನೆ ಎಂದು ತಿಳಿಸುತ್ತ, ಕಿರುಬೆರಳಿನ ಹುದ್ದೆ ಮಾತ್ರ ಇನ್ನೂ ಖಾಲಿಯಿದೆ ಎಂದು ನೆನಪಿಸುತ್ತ,

ತಮ್ಮ ವಿಶ್ವಾಸಿ ಹಾಗೂ, ಹೆಸರಿಗಾದರೂ, ತಮ್ಮ ಒಡತಿ,
(ಈಗಷ್ಟೇ ಮದುವೆಯಾದವಳು!)

ಮರೆತಿದ್ದ ಮಾತು: ಈ ಪತ್ರದ ಪ್ರತಿಗಳು ನಮ್ಮವರಿಗೂ ಅತ್ತೆಯವರಿಗೂ ಹೋಗಿವೆ. ಅತ್ತೆಯವರು ಕ್ಯಾಮೆರಾ ಹಿಡಿದು ಪ್ಲಾಟ್‌ಫಾರ್ಮಿಗೆ ಬರುತ್ತಾರಂತೆ. ಯಾರೂ ‘ಸ್ಮೈಲ್’ ಎನ್ನಕೂಡದು ಎಂದು ಮಗನಿಗೂ ಸ್ವತಃ ತಮಗೂ ತಾಕೀತು ಮಾಡಿಕೊಂಡಿದ್ದಾರೆ. ತಾವು ಅಲ್ಲಿಯೂ ಹಾಜರಾಗಲೇಬೇಕೆಂದಿದ್ದರೆ ದಯವಿಟ್ಟು ಬೇರೆ ಟಿಕೆಟ್ ಕೊಂಡು, ಬೇರೆ ಬೋಗಿಯಲ್ಲಿ ಬನ್ನಿ. ನಾನು ಬರುವುದು ಭಾನುವಾರ, ಬೆಳಗಿನ ಇಂಟರ್‌ಸಿಟಿಯಲ್ಲಿ.