ಕೊಳ್ಳೇಗಾಲದ ಕೆಂಪು ನೆಲ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಡಬ್ಬ ಕಡಲೆಪುರಿ.

ಕೊಳ್ಳೇಗಾಲದ ರೇಷ್ಮೆ ನೂಲಿನ ವ್ಯಾಪಾರಿ ರುದ್ರಸ್ವಾಮಿಯ ಮಗ ಪುಟ್ಟಮಾದಪ್ಪನಿಗೆ ಒಂದೂವರೆ ವರ್ಷ ತುಂಬಿದರೂ ಕಾಲು ಬಂದಿರಲಿಲ್ಲ. ಅಂಬೆಗಾಲಿನಲ್ಲಿ ಮನೆಯನ್ನೆಲ್ಲ ಸುತ್ತುತ್ತಿದ್ದ; ಎತ್ತಿ ನಿಲ್ಲಿಸಿದರೆ ದೊಪ್ಪೆಂದು ಕೂತುಬಿಡುತ್ತಿದ್ದ. ಗೌರಿಹಬ್ಬಕ್ಕೆ ಯಳಂದೂರಿನಿಂದ ಬಂದಿದ್ದ ಮಾವ ವೃಷಭೇಂದ್ರಪ್ಪನವರು ಇದನ್ನು ನೋಡಿ ಕೇರಿಯವರ ಮುಂದೆಯೇ ತೀರ್ಪು ಕೊಟ್ಟರು.

“ನಿಮ್ಮ ಮದ್ರಾಸು ಸೀಮೆ ಮಣ್ಣುನೆಲದಲ್ಲಿ ಕೂಸಿಗೆ ಕಾಲು ಬಂದದಾ ಅಳಿಯಂದ್ರೇ? ನಮ್ಮನೇಲಿ ಚಪ್ಪಡಿಕಲ್ಲು ಆಸಿವ್ನಿ. ದೀಪಾವಳಿ ಒಳಗೆ ನಡೀದೆ ಓದ್ರೆ ತಾಯಿ ಮಗ ಇಬ್ರುನೂವೆ ಮಾರಾಜ್ರ ಸೀಮೆಗೆ ಕರ್ಕೊಂಡೋಯ್ತೀನಿ. ಮೂರೇ ದಿನಕ್ಕೆ ಓಡಿಸ್ತೀನಿ.”

ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಊರಿಂದೂರಿಗೆ ಎತ್ತಿನಗಾಡಿಯಲ್ಲಿ ಒಂದು ಹೊತ್ತಿನ ದಾರಿಯಾದರೂ, ಮಾವನವರು ಮಾತಾಡಿದರೆ ಅದು ಏಳು ಸಮುದ್ರದ ಅಂತರ. ಹೆಂಡತಿ ಮಗುವನ್ನು ಕಳಿಸಿ ಒಬ್ಬನೇ ದೀಪಾವಳಿಯ ಎಣ್ಣೆ ಹಚ್ಚಿಕೊಳ್ಳುವುದನ್ನು ನೆನೆದು ರುದ್ರಸ್ವಾಮಿಗೆ ಎದೆ ಹಿಂಡಿತು. ಅದಕ್ಕಿಂತ ಹೆಚ್ಚಾಗಿ ಮೂಗಿನ ತುದಿಗೆ ಕೋಪ ಬಂತು. ಮಳೆ ಹಿಂದಾಗುತ್ತಲೇ ನಡುಮನೆಯ ಮಣ್ಣನ್ನು ಅಗೆಸಿ, ಆ ಕೇರಿಯಲ್ಲಿ ಯಾರೂ ಮಾಡಿಸದ ಕೆಂಪು ಸಿಮೆಂಟಿನ ನೆಲ ಮಾಡಿಸಿದ.

ಗಾರೆ ಕೆಲಸದ ಮಂಟೇಸ್ವಾಮಿ ಅದನ್ನು ಎಷ್ಟು ನುಣ್ಣಗೆ ತೀಡಿದ್ದನೆಂದರೆ ಮೇಲಿನ ಜಂತಿಗಳೆಲ್ಲ ಅದರಲ್ಲಿ ಕಾಣುತ್ತಿದ್ದವು. ಒಣಗುವವರೆಗೆ ಯಾರೂ ಕಾಲಿಡಬಾರದೆಂದು ಹೇಳಿ, ಓಡಾಡಲು ಗೋಡೆ ಪಕ್ಕದಲ್ಲಿ ಹಲಗೆ ಹಾಕಿಕೊಟ್ಟಿದ್ದ. ರುದ್ರಸ್ವಾಮಿ ದಾರಿಹೋಕರನ್ನೂ ಕರೆದು ಹೊಸ್ತಿಲಾಚೆ ನಿಲ್ಲಿಸಿ ನೆಲ ತೋರಿಸುತ್ತಿದ್ದ.

ದೀಪಾವಳಿಗೆ ವಾರವಿರುವಾಗ ಒಂದು ದಿನ ನಸುಕಿನಲ್ಲೇ ಮಂಟೇಸ್ವಾಮಿ ಕೊನೆಯ ಕೈ ಎಳೆದು ಹೋಗಿದ್ದ; ಅಂದು ಸಂಜೆ ಮಾವ ಬರುವವರಿದ್ದರು. ಬೆಳಿಗ್ಗೆ ರುದ್ರಸ್ವಾಮಿ ಅಂಗಡಿಗೆ ಹೋದ. ಅವನ ಹೆಂಡತಿ ಶಂಕರಮ್ಮ ಮಗುವನ್ನು ಜಗಲಿಯಲ್ಲಿ ಪಕ್ಕದ ಮನೆಯ ಚನ್ನಾಜಮ್ಮನ ಮಡಿಲಿಗೆ ಹಾಕಿ, ಒಂದು ಹಿಡಿ ಪುರಿ ಕೊಟ್ಟು, ಹಿತ್ತಿಲಿಗೆ ಬಟ್ಟೆ ಒಗೆಯಲು ಹೋದಳು. ಪುರಿ ಮುಗಿಯಿತು. ಚನ್ನಾಜಮ್ಮನಿಗೆ ಕಂಬಕ್ಕೆ ಒರಗಿದಲ್ಲೇ ನಿದ್ದೆ ಹತ್ತಿತು. ಪುರಿಯ ಡಬ್ಬ ಅಡುಗೆಮನೆಯಲ್ಲಿದೆ ಎಂಬುದು ಪುಟ್ಟಮಾದಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬಂದ ರುದ್ರಸ್ವಾಮಿ ಹೊಸ್ತಿಲಲ್ಲೇ ಕಲ್ಲಾದ. ನೆಲದ ನಡುವೆ, ಹೊಸ್ತಿಲಿಂದ ಅಡುಗೆಮನೆಯವರೆಗೆ, ಪುಟ್ಟ ಪುಟ್ಟ ಪಾದಗಳು ಒಂದೊಂದು ಬೆರಳೂ ಎದ್ದು ಕಾಣುವಂತೆ ಮೂಡಿದ್ದವು. ಆ ತುದಿಯಲ್ಲಿ ಮಗರಾಯ ಡಬ್ಬದೊಳಗೆ ತಲೆ ಹಾಕಿ ಕೂತಿದ್ದ. ರುದ್ರಸ್ವಾಮಿ ಚನ್ನಾಜಮ್ಮನನ್ನು ಎಬ್ಬಿಸಿ, ಕೂಸು ನೋಡಿಕೊಳ್ಳಲು ಹೇಳಿದರೆ ಗೊರಕೆ ಹೊಡೆಯುತ್ತೀಯಾ ಎಂದು ಕೇರಿಗೆಲ್ಲ ಕೇಳುವಂತೆ ಬೈದ. ಗದ್ದಲಕ್ಕೆ ಒದ್ದೆ ಕೈಯಲ್ಲೇ ಓಡಿಬಂದ ಶಂಕರಮ್ಮ ನೆಲವನ್ನು ನೋಡಿದಳು. ಅವಳ ಕಣ್ಣು ತುಂಬಿತು.

“ಸರ್ಯಾಗಿ ನೋಡಿ. ಕೈ ಗುರ್ತಿಲ್ಲ, ಮಂಡಿ ಗುರ್ತಿಲ್ಲ. ಬರೀ ಪಾದ. ನಮ್ ಕೂಸು ನಡ್ದದೆ ಕನ್ರೀ.”

ರುದ್ರಸ್ವಾಮಿಯ ಕೋಪ ಅಲ್ಲೇ ಇಳಿದು ಎದೆ ಅಗಲವಾಯಿತು. ತನ್ನ ಮಗ, ತನ್ನ ನೆಲ! ಅದೂ ಮದ್ರಾಸು ಸೀಮೆಯಲ್ಲಿ! ಬೈಗುಳ ಕೇಳಿ ಸೇರಿದ್ದ ಕೇರಿಯವರಿಗೆ ಈಗ ಪಾದ ತೋರಿಸತೊಡಗಿದ. ನೂಕುನುಗ್ಗಲಿನಲ್ಲಿ ಯಾರದೋ ಕಾಲಡಿಗೆ ಸಿಕ್ಕಿದ ಕೋಳಿಯೊಂದು ಗಾಬರಿಯಾಗಿ ನೆಲದ ಮೇಲೆ ಹಾರಿತು. ಅದನ್ನು ಹಿಡಿಯಲು ಹಲಗೆಯ ಮೇಲಿಂದ ಬಗ್ಗಿದ ರುದ್ರಸ್ವಾಮಿ ಕಾಲು ಜಾರಿ ಅಂಗಾತ ಬಿದ್ದ. ಅವನ ಬೆನ್ನಿನ ಅಚ್ಚು ಕೂಡ ಮಗನ ಹೆಜ್ಜೆಗಳ ಪಕ್ಕದಲ್ಲಿ ಅಂದವಾಗಿಯೇ ಮೂಡಿತು.

ಮಂಟೇಸ್ವಾಮಿಗೆ ಹೇಳಿಕಳಿಸಿದರು. ಕೂಸಿನ ಪಾದವನ್ನಾದರೂ ನಮ್ಮಪ್ಪ ಬರುವವರೆಗೆ ಬಿಡಿ ಎಂದು ಶಂಕರಮ್ಮ ಬೇಡಿಕೊಂಡಳು. ರುದ್ರಸ್ವಾಮಿ ಒಪ್ಪಲಿಲ್ಲ. ಒಮ್ಮೆ ನಡೆದ ಮಗು ಮತ್ತೆ ನಡೆದೇ ನಡೆಯುತ್ತದೆ, ಕೆಟ್ಟ ನೆಲ ಒಣಗಿದ ಮೇಲೆ ನೆಟ್ಟಗಾಗುತ್ತದೆಯೇ ಎಂಬುದು ಅವನ ವಾದ. ಮಂಟೇಸ್ವಾಮಿ ಕೋಳಿಯ ಕಾಲು, ರುದ್ರಸ್ವಾಮಿಯ ಬೆನ್ನು, ಮಗುವಿನ ಪಾದ ಎಲ್ಲವನ್ನೂ ಕೆಂಪು ಗಾರೆಯಲ್ಲಿ ಮುಚ್ಚಿ, ಮೇಲೊಂದು ಕೈ ಎಳೆದು ಹೋದ. ನೆಲ ಮತ್ತೆ ಕನ್ನಡಿಯಾಯಿತು. ಶಂಕರಮ್ಮ ಮಗುವಿನ ಕೆಂಪು ಪಾದಗಳನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಅಡುಗೆಮನೆಯ ಬಾಗಿಲಲ್ಲಿ ಕೂರಿಸಿದಳು.

ಹೊತ್ತು ಇಳಿಯುವ ಮುಂಚೆ ಮಾವನ ಗಾಡಿ ಬಂತು. ಹೊಸ್ತಿಲಲ್ಲಿ ನಿಂತು ನೆಲವನ್ನೊಮ್ಮೆ ನೋಡಿ ಹೂಂಗುಟ್ಟಿದರು. ಕೂಸು ನಡೆಯಿತೇ ಎಂದು ಕೇಳಿದರು.

“ನಡೀತು ಮಾವಾರೇ. ಇವತ್ತೇ, ಈ ನೆಲದ ಮೇಲೇ ನಡೀತು.”

“ನಡ್ದಿದ್ದ ಕಂಡೋರ್ಯಾರು?”

ಕಂಡವರು ಯಾರೂ ಇರಲಿಲ್ಲ. ಕಂಡದ್ದು ಹೆಜ್ಜೆಯನ್ನು, ಅದನ್ನು ಮುಚ್ಚಿಸಿಯಾಗಿತ್ತು. ಹಸಿ ನೆಲದಲ್ಲಿ ಹೆಜ್ಜೆಯಿತ್ತು, ನಾನೇ ಮುಚ್ಚಿಸಿದೆ ಎಂದು ಅಳಿಯ ಹೇಳಿದಾಗ, ಮಗಳು ಹೌದೆಂದರೂ, ಮಾವನವರು ಮೀಸೆಯೊಳಗೇ ನಕ್ಕರು. ರುದ್ರಸ್ವಾಮಿ ಜಗಲಿಯ ಚನ್ನಾಜಮ್ಮನ ಕಡೆಗೆ ಕೈ ತೋರಿಸಿದ.

“ನನ್ನೇನ್ ಕೇಳೀರಿ? ನಾ ಗೊರಕೆ ಒಡೀತಿದ್ನಂತಲ್ಲ,” ಎಂದಳು ಚನ್ನಾಜಮ್ಮ.

ಉಳಿದದ್ದು ಮಗುವನ್ನೇ ನಡೆಸಿ ತೋರಿಸುವುದು. ರುದ್ರಸ್ವಾಮಿ ಹಲಗೆಯ ಮೇಲೆ ಓಡಿ, ಚಪ್ಪಾಳೆ ತಟ್ಟಿ ಕರೆದ, ಬೆಲ್ಲ ತೋರಿಸಿದ, ಕೊನೆಗೆ ತಾನೇ ತಪ್ಪುಹೆಜ್ಜೆ ಹಾಕಿ ತೋರಿಸಿದ. ಡಬ್ಬದ ಪುರಿಯನ್ನೆಲ್ಲ ಮುಗಿಸಿದ್ದ ಪುಟ್ಟಮಾದಪ್ಪನಿಗೆ ನಡೆಯುವ ಅಗತ್ಯವೇ ಕಾಣಲಿಲ್ಲ. ಬಸವಣ್ಣನ ಹಾಗೆ ಕೂತು ಅಪ್ಪನ ಕುಣಿತ ನೋಡಿದ.

“ಸಾಕು ಬುಡಿ,” ಎಂದ ವೃಷಭೇಂದ್ರಪ್ಪನವರು ಮೊಮ್ಮಗನನ್ನು ಎತ್ತಿಕೊಳ್ಳಲು ಹೊರಟರು. ಹಲಗೆಯ ಮೇಲೆ ನಡೆಯುವುದು ಅವರ ಘನತೆಗೆ ತಕ್ಕದ್ದಾಗಿರಲಿಲ್ಲ. ಅಳಿಯ ಬಾಯಿ ತೆರೆಯುವಷ್ಟರಲ್ಲಿ ನೆಲದ ನಟ್ಟನಡುವೆ ನೇರವಾಗಿ ನಡೆದುಹೋದರು, ಕೂಸನ್ನು ಹೆಗಲಿಗೇರಿಸಿಕೊಂಡು ಹಾಗೆಯೇ ನಡೆದುಬಂದರು. ಗಾಡಿ ಹತ್ತುವಾಗ ಶಂಕರಮ್ಮ ಗಂಡನ ಕಡೆ ಒಮ್ಮೆ ತಿರುಗಿ ನೋಡಿದಳು. ಮಂಟೇಸ್ವಾಮಿಗೆ ಹೇಳಿಕಳಿಸಲು ರುದ್ರಸ್ವಾಮಿಗೂ ಮನಸ್ಸಾಗಲಿಲ್ಲ. ಬೆಳಗಾಗುವಷ್ಟರಲ್ಲಿ ನೆಲ ಗಟ್ಟಿಯಾಗಿತ್ತು.

ಮೂರು ದಿನಕ್ಕೆ ಯಳಂದೂರಿನಿಂದ ಸುದ್ದಿ ಬಂತು. ಕೂಸು ನಡೆಯಿತಂತೆ, ಎಲ್ಲ ಚಪ್ಪಡಿಕಲ್ಲಿನ ಮಹಿಮೆಯಂತೆ.

ದೀಪಾವಳಿಯ ದಿನ ಕಜ್ಜಾಯ ಕೊಡಲು ಬಂದ ಚನ್ನಾಜಮ್ಮ, ಮಾವನ ಪಾದವನ್ನು ಹೀಗೆ ಮನೆ ತುಂಬ ಇಟ್ಟುಕೊಂಡ ಅಳಿಯನನ್ನು ತಾನು ನೋಡಿಯೇ ಇಲ್ಲವೆಂದು ಹೊಗಳಿದಳು. ರುದ್ರಸ್ವಾಮಿ ಆ ದೊಡ್ಡ ಹೆಜ್ಜೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೆಲ ತಟ್ಟಿದ. ಅವನ ಮುಖ ದೀಪಕ್ಕಿಂತ ಹೆಚ್ಚು ಬೆಳಗುತ್ತಿತ್ತು.

“ಅವರ್ದು ಮೇಲ್ಗಡೆ ಇರ್ಲಿ ಬುಡು ಚನ್ನಾಜಕ್ಕ. ಇದರ ಅಡೀಲಿ ನನ್ ಮಗಂದು ಅದೆ. ಮೊದಲ್ನೇ ಎಜ್ಜೆ ಕೊಳ್ಳೇಗಾಲದ್ದೇಯ.”

“ಅಗೆದು ತೋರ್ಸು ಮತ್ತೆ,” ಎಂದಳು ಚನ್ನಾಜಮ್ಮ.

ರುದ್ರಸ್ವಾಮಿ ಕನ್ನಡಿಯಂಥ ತನ್ನ ನೆಲವನ್ನು ಒಂದು ಗಳಿಗೆ ನೋಡಿದ. ಆಮೇಲೆ ಎದ್ದು, ಹಿತ್ತಿಲಲ್ಲಿದ್ದ ಹಾರೆಯನ್ನು ತಂದ.